ಡಿಗ್ರಿ ಇರಕೂಡದು

ನಮ್ಮ ಕಾಸರಗೋಡು ಕಡೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ಈಗ ಫ್ಲೆಕ್ಸಿನ ಸುಗ್ಗಿ. ಕುಂಬಳೆಯಲ್ಲಿ ಬಸ್ಸು ಹತ್ತಿ ಬದಿಯಡ್ಕದಲ್ಲಿ ಇಳಿಯುವಷ್ಟರಲ್ಲಿ ಕಂಬಕ್ಕೊಂದು ಫುಲ್ ಎ ಪ್ಲಸ್ ನೋಡಿದ್ದಾಯಿತು. ಮಕ್ಕಳ ಫೋಟೊ ಅಂಚೆಚೀಟಿಯಷ್ಟು. ಅಭಿನಂದಿಸುವ ಮುಖಂಡರ ಫೋಟೊ ಬಾಗಿಲಷ್ಟು. ಪರೀಕ್ಷೆ ಬರೆದವರು ಯಾರು ಅಂತ ಒಂದು ಕ್ಷಣ ಗಲಿಬಿಲಿ ಆಗುತ್ತದೆ.

2025ರಲ್ಲಿ ಕೇರಳದ ಎಸ್ಸೆಸ್ಸೆಲ್ಸಿ ಪಾಸಾದವರು ಶೇಕಡಾ 99.5. ಎಲ್ಲ ವಿಷಯಕ್ಕೂ ಎ ಪ್ಲಸ್ ಬಂದವರು 61,449. ಇಷ್ಟು ಜನರಿಗೆ ಫ್ಲೆಕ್ಸ್ ಕಟ್ಟಲು ಕಂಬಗಳೇ ಸಾಲದು. ನಿಜವಾಗಿ ಈಗ ಕಷ್ಟದ ಕೆಲಸ ಅಂದರೆ ಫೇಲಾಗುವುದು. ಆ ಅರ್ಧ ಪರ್ಸೆಂಟಿನವರಿಗೆ ಒಂದು ಶಾಲು ಹೊದಿಸಬಾರದೇ?

ಫ್ಲೆಕ್ಸ್ ಆದ ಮೇಲೆ ಸನ್ಮಾನ, ಸನ್ಮಾನ ಅಂದ ಮೇಲೆ ಭಾಷಣ. ಅಣ್ಣನ ಮಗಳಿಗೆ ಮೊಮೆಂಟೊ ಇತ್ತು, ಹಾಗಾಗಿ ನಾನೂ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಮೊದಲೆಲ್ಲ ಭಾಷಣಕಾರರು ಡಾಕ್ಟರಾಗಿ, ಕಲೆಕ್ಟರಾಗಿ ಅನ್ನುತ್ತಿದ್ದರು. ಈ ಸಲ ಗಾಳಿ ತಿರುಗಿದೆ. "ಡಿಗ್ರಿಯ ಕಾಲ ಮುಗಿಯಿತು ಮಕ್ಕಳೇ, ಕೌಶಲ್ಯ ಕಲಿಯಿರಿ, ಐಟಿಐಗೆ ಹೋಗಿ, ವೆಲ್ಡಿಂಗ್ ಕಲಿಯಿರಿ!" ಮುಕ್ಕಾಲು ಗಂಟೆ ಹೇಳಿದರು. ನನಗೇ ವೆಲ್ಡಿಂಗ್ ಕಲಿಯುವ ಅಂತ ಅನಿಸಿಬಿಟ್ಟಿತು.

ಕೊನೆಗೆ ಆ ಭಾಷಣಕಾರರು ಬೊಂಡ ಕುಡಿಯುತ್ತಾ ನಿಂತಿದ್ದಾಗ ಸುಮ್ನೆ ಕೇಳಿದೆ. "ನಿಮ್ಮ ಮಗ ಈಗ ಎಂಥ ಮಾಡ್ತಾನೆ ಸಾರ್?"

"ಅವನು ಮಂಗಳೂರಲ್ಲಿ, ಇಂಜಿನಿಯರಿಂಗ್. ಮ್ಯಾನೇಜ್‌ಮೆಂಟ್ ಸೀಟು."

ಸ್ಟ್ರಾ ಬಾಯಿಂದ ತೆಗೆಯದೆಯೇ ಹೇಳಿದರು. ಐಟಿಐ ಬಹಳ ಒಳ್ಳೆಯದು, ಪಕ್ಕದ ಮನೆಯ ಮಕ್ಕಳಿಗೆ.

ಭಾಷಣ ಸುಳ್ಳು ಅಂತಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರ 2024ರ ವರದಿ ನೋಡಿ. 2022ರ ಲೆಕ್ಕದಲ್ಲಿ ನಮ್ಮ ದೇಶದ ಯುವಜನರಲ್ಲಿ ಡಿಗ್ರಿ ಆದವರ ನಿರುದ್ಯೋಗ ಶೇಕಡಾ 29.1. ಓದು ಬರಹ ಬಾರದವರದ್ದು 3.4. ಇದನ್ನು ನೋಡಿ ಅಕ್ಷರ ಮರೆಯಲು ಹೊರಡಬೇಡಿ. ಅಕ್ಷರ ಬಾರದವನಿಗೆ ಕೆಲಸವಿಲ್ಲದೆ ಮನೆಯಲ್ಲಿ ಕೂರುವಷ್ಟು ಅನುಕೂಲ ಇರುವುದಿಲ್ಲ, ಸಿಕ್ಕಿದ್ದು ಮಾಡುತ್ತಾನೆ. ಡಿಗ್ರಿಯವನಿಗೆ ಅಪ್ಪನ ತೋಟ ಇರುತ್ತದೆ, ಅಡಿಕೆಗೆ ರೇಟೂ ಇರುತ್ತದೆ, ಹಾಗಾಗಿ ಕಾಯುತ್ತಾನೆ.

ಯಾವುದಕ್ಕೆ? ಪಿಎಸ್‌ಸಿ ಪರೀಕ್ಷೆಯ ಸರಕಾರಿ ಕೆಲಸಕ್ಕೆ.

ಈ ವಿಷಯದಲ್ಲಿ ನಮ್ಮ ಸರಕಾರದ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಕಚೇರಿಯಲ್ಲಿ ಕಡತ ಹೊರುವ ಕೆಲಸಕ್ಕೆ ಇಲ್ಲಿ 'ಲಾಸ್ಟ್ ಗ್ರೇಡ್ ಸರ್ವೆಂಟ್' ಅಂತ ಹೆಸರು. 2017ರಲ್ಲಿ ಅದಕ್ಕೆ ಅರ್ಜಿ ಕರೆದಾಗ ಅರ್ಹತೆ ಏನು ಗೊತ್ತಲ್ಲ? ಏಳನೇ ಕ್ಲಾಸು ಪಾಸಾಗಿರಬೇಕು, ಡಿಗ್ರಿ ಇರಕೂಡದು. ಕುಷ್ಠ ಇರಕೂಡದು, ಕ್ರಿಮಿನಲ್ ಕೇಸು ಇರಕೂಡದು ಅಂದ ಹಾಗೆ! ಬಿ.ಎ. ಮಾಡಿದ ಹುಡುಗ ಅದನ್ನು ಅಡಗಿಸಿಕೊಂಡು ತಿರುಗಬೇಕು. ಅಡಗಿಸಿದರೂ ಉಳಿಗಾಲವಿಲ್ಲ. ಒಡಿಶಾದಲ್ಲಿ ಒಬ್ಬ ಡಿಗ್ರಿ ಮುಚ್ಚಿಟ್ಟು ಬ್ಯಾಂಕಿನ ಪ್ಯೂನ್ ಕೆಲಸಕ್ಕೆ ಅರ್ಜಿ ಹಾಕಿದ. ಗೊತ್ತಾದಾಗ ಬ್ಯಾಂಕು ಕೆಲಸ ಇಲ್ಲ ಅಂದಿತು, ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರಲ್ಲಿ ಕೋರ್ಟು ಬ್ಯಾಂಕು ಮಾಡಿದ್ದೇ ಸರಿ ಅಂದಿತು. ಕಳ್ಳ ನೋಟು ಮುಚ್ಚಿಟ್ಟವರನ್ನು ಕೇಳಿದ್ದೆವು, ಅಸಲಿ ಸರ್ಟಿಫಿಕೇಟು ಮುಚ್ಚಿಟ್ಟು ಸಿಕ್ಕಿಬಿದ್ದವನನ್ನೂ ಕೇಳಿದ ಹಾಗಾಯಿತು. ಉತ್ತರ ಪ್ರದೇಶದವರದ್ದು ಇನ್ನೂ ವಿಶಾಲ ಹೃದಯ. ಅಲ್ಲಿ 2015ರಲ್ಲಿ 368 ಪ್ಯೂನ್ ಹುದ್ದೆಗೆ ಬಂದದ್ದು 23 ಲಕ್ಷ ಅರ್ಜಿ. ಅದರಲ್ಲಿ 255 ಜನ ಪಿಎಚ್‌ಡಿ. ಚಹಾ ತಂದುಕೊಡುವವರನ್ನು 'ಡಾಕ್ಟ್ರೇ' ಅಂತ ಕರೆಯುವ ಭಾಗ್ಯ ಆ ಕಚೇರಿಗೆ ಬರುವುದರಲ್ಲಿತ್ತು.

ಇದಕ್ಕೆಲ್ಲ ಮದ್ದು ಕಂಡುಹಿಡಿದಾಗಿದೆ. 2024ರ ಜುಲೈಯಿಂದ ಕೇರಳದಲ್ಲಿ ಡಿಗ್ರಿ ನಾಲ್ಕು ವರ್ಷ. ಬೇಕಾದರೆ ಮೂರಕ್ಕೇ ಇಳಿಯಬಹುದು. ಮೂರು ವರ್ಷ ಓದಿ ಸಿಗದ ಕೆಲಸ ನಾಲ್ಕು ವರ್ಷ ಓದಿದರೆ ಸಿಗುತ್ತದೆ. ಕುದಿಯದ ಅಕ್ಕಿಗೆ ಇನ್ನೊಂದು ಚೆಂಬು ನೀರು ಹೊಯ್ದ ಹಾಗೆ, ಅಲ್ವಾ?

ಕೌಶಲ್ಯ ಅಂದಾಗ ನನಗೆ ನೆನಪಾಗುವುದು ಸುರಂಗ. ಹೊರಗಿನವರು ಕೇಳಿದರೆ ರೈಲ್ವೆಯದ್ದಾ ಅನ್ನುತ್ತಾರೆ. ನಮ್ಮ ಎಣ್ಮಕಜೆ, ಬಾಯಾರು ಕಡೆ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ. ಒಬ್ಬ ಮನುಷ್ಯ ನಿಂತರೆ ಎರಡೂ ಭುಜ ಗೋಡೆಗೆ ತಾಗುವಷ್ಟೇ ಅಗಲ. ಪಿಕ್ಕಾಸು ಹಿಡಿದು, ಮುರಕಲ್ಲು ಅಗೆಯುತ್ತಾ, ಮೊಂಬತ್ತಿ ಇಟ್ಟುಕೊಂಡು ಒಳಗೆ ಹೋಗುತ್ತಾರೆ. ಮೊಂಬತ್ತಿ ನಂದಿದರೆ ಗಾಳಿ ಸಾಲದು ಅಂತ ಅರ್ಥ, ಹೊರಗೆ ಬರಬೇಕು. ಹೊರಗೆ ಬಾರದಿದ್ದರೆ ಪರೀಕ್ಷೆ ಫೇಲು, ಸಪ್ಲಿಮೆಂಟರಿ ಇಲ್ಲ. ಅಷ್ಟು ಒಳಗೆ ಹೋಗಿ ಇಳಿಜಾರು ಲೆಕ್ಕ ಹಾಕುತ್ತಾರಲ್ಲ, ನೀರು ತಾನಾಗಿ ಅಂಗಳದ ಕೆರೆಗೆ ಬಂದು ಬೀಳುವ ಹಾಗೆ! ಪಂಪು ಬೇಡ, ಕರೆಂಟು ಬೇಡ. ಅಪ್ಪ ಕೊರೆಸಿದ ನಮ್ಮ ಸುರಂಗ ಏಪ್ರಿಲ್ ಕೊನೆಯವರೆಗೂ ಸಪೂರಕ್ಕೆ ಹರಿಯುತ್ತದೆ. ನಮ್ಮದನ್ನು ಕೊರೆದವರ ಮಗ ಈಗ ಕಾಸರಗೋಡಿನ ಒಂದು ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾನೆ. ಬಿ.ಕಾಂ. ಆಗಿದೆ. ಸುರಂಗಕ್ಕೆ ಇಳಿದಿಲ್ಲ. ಅಪ್ಪನೇ ಬೇಡ ಅಂದರಂತೆ. ಯಾಕೆ ಬೇಡ ಅಂದರು ಅಂತ ನಾನು ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ.

ಯಾಕೆಂದರೆ ದುಡ್ಡಿನ ಮಾತೇ ಅಲ್ಲ ಇದು. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2022-23ರಲ್ಲಿ ಕೇರಳದ ಹಳ್ಳಿಯಲ್ಲಿ ಕಟ್ಟಡ ಕೆಲಸದ ದಿನಗೂಲಿ ಸರಾಸರಿ 852 ರೂಪಾಯಿ. ದೇಶದ ಸರಾಸರಿ 393. ಕೈಕೆಲಸದವನಿಗೆ ಇಲ್ಲಿ ಕಾಸು ಇದೆ. ಆದರೆ ಕುರ್ಚಿ ಇಲ್ಲ. ಪಂಪು ಕೆಟ್ಟರೆ ದಿನಕ್ಕೆ ಹತ್ತು ಸಲ ಫೋನು ಮಾಡಿ, "ಒಮ್ಮೆ ಬಂದು ಹೋಗು ಮಾರಾಯ" ಅಂತ ಗೋಗರೆಯುತ್ತೇವೆ. ಬಂದವನಿಗೆ ಚಹಾ ಜಗಲಿಯ ಕೆಳಗೆ, ನಿಂತಲ್ಲಿಗೆ. ಅರುವತ್ತು ವರ್ಷದ ಮೆಕ್ಯಾನಿಕ್‌ಗೆ ನಮ್ಮ ಇಪ್ಪತ್ತರ ಹುಡುಗ 'ನೀನು' ಅನ್ನುತ್ತಾನೆ. ಅದೇ ಹುಡುಗ ವಿಲೇಜ್ ಆಫೀಸಿನಲ್ಲಿ ತನಗಿಂತ ಸಣ್ಣವನಿಗೆ 'ಸಾರ್' ಅನ್ನುತ್ತಾನೆ. ಮದುವೆ ಕಾಗದ ತೆಗೆದು ನೋಡಿ, ಹೆಸರಿನ ಪಕ್ಕ ಬಿ.ಎ., ಎಂ.ಕಾಂ., ಬಿ.ಇ. ಇರುತ್ತದೆ. 'ಐಟಿಐ, ವೆಲ್ಡರ್' ಅಂತ ಅಚ್ಚು ಹಾಕಿಸಿದ ಕಾಗದ ಒಂದಾದರೂ ನಿಮ್ಮ ಮನೆಗೆ ಬಂದಿದೆಯಾ? ಹಾಗಿರುವಾಗ ಮಕ್ಕಳಿಗೆ ಯಾವ ಬಾಯಲ್ಲಿ ಕೌಶಲ್ಯ ಕೌಶಲ್ಯ ಅನ್ನುವುದು? ಲಕ್ಷಗಟ್ಟಲೆ ಕೊಟ್ಟು ನಾವು ತರುವುದು ವಿದ್ಯೆಯನ್ನಲ್ಲ. ಜಗಲಿಯ ಮೇಲೆ ಕೂರಲು ಒಂದು ಕುರ್ಚಿ. ಸಾಕಾಗಿದೆ, ಈ ಭಾಷಣ ಕೇಳಿ ಕೇಳಿ.

ಸನ್ಮಾನ ಮುಗಿಸಿ ಬರುವಾಗ ಅಣ್ಣನ ಮಗಳು ಮೊಮೆಂಟೊ ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು.

"ಚಿಕ್ಕಪ್ಪ, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಎರಡೇ ವರ್ಷ ಅಲ್ವಾ? ನಾನು ಹೋಗ್ಲಾ?"

ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಫುಲ್ ಎ ಪ್ಲಸ್ ಬಂದವಳಿಗೆ ಐಟಿಐಯಾ? ಜನ ಎಂಥ ಹೇಳ್ಲಿಕ್ಕಿಲ್ಲ?" ಅಂದರು ಅತ್ತಿಗೆ. ಅವಳು ನನ್ನ ಕಡೆಯೇ ನೋಡುತ್ತಿದ್ದಳು.

"ಮೊದಲು ಪ್ಲಸ್ ಟು ಒಂದು ಆಗಲಿ ಮಗಾ" ಅಂದೆ.

ಮರುದಿನ ಬೆಳಿಗ್ಗೆ ಅಕ್ಷಯ ಕೇಂದ್ರದಲ್ಲಿ ಅವಳ ಪ್ಲಸ್ ಒನ್ ಅರ್ಜಿಗೆ ಸಾಲಿನಲ್ಲಿ ನಿಂತದ್ದೂ ನಾನೇ. ಟೋಕನ್ ನಂಬ್ರ 43.