ಗಿಟಾರಿಗೆ ಉಳಿ ಇಟ್ಟ ಮೇಲೆ

ನನ್ನ ಎಲೆಕ್ಟ್ರಿಕ್ ಗಿಟಾರಿನ ಮರವನ್ನು ನಾನೇ ಕೆತ್ತಿದೆ ಎಂದಾಗ ಗೆಳೆಯರೊಬ್ಬರು ವೀಣೆಗೆ ಕೊಡಲಿ ಹಾಕಿದವನನ್ನು ನೋಡುವಂತೆ ನೋಡಿದರು. ತಂತಿ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ವಯರು ಏನನ್ನಾದರೂ ಬದಲಿಸಬಹುದಂತೆ. ಮರವನ್ನು ಮಾತ್ರ ಮುಟ್ಟಬಾರದಂತೆ. ನಾನು ಒಪ್ಪುವುದಿಲ್ಲ. ಒಂದೇ ಅಚ್ಚಿನಲ್ಲಿ ಸಾಲುಗಟ್ಟಿ ಬರುವ ಕಾರ್ಖಾನೆಯ ವಾದ್ಯ ಗರ್ಭಗುಡಿಯ ಮೂರ್ತಿಯಲ್ಲ. ಅದರ ಅಂಚು ಮುಂಗೈಗೆ ಒತ್ತುತ್ತಿದ್ದರೆ ಅರ ಹಿಡಿದು ಅಂಚನ್ನೇ ಇಳಿಸಬೇಕು. ನೋವನ್ನು ಅಭ್ಯಾಸ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. (1950–60ರ ದಶಕದ ಮೂಲ ವಾದ್ಯ ನಿಮ್ಮಲ್ಲಿದ್ದರೆ ಮಾತು ಬೇರೆ. ಅದರ ಹತ್ತಿರ ಸ್ಕ್ರೂಡ್ರೈವರನ್ನೂ ಯೋಚಿಸಿಯೇ ಒಯ್ಯಿರಿ.)

ಈ ಹುಚ್ಚಿಗೆ ಹಿರಿಯರೂ ಇದ್ದಾರೆ. ಕ್ವೀನ್ ತಂಡದ ಗಿಟಾರ್ ವಾದಕ ಬ್ರಿಯಾನ್ ಮೇ 1963ರಲ್ಲಿ ತಂದೆಯ ಜೊತೆ ಗಿಟಾರು ಕಟ್ಟಲು ಹೊರಟಾಗ ನೆಕ್‌ಗೆ (ಗಿಟಾರಿನ ಕತ್ತಿಗೆ) ಬಳಸಿದ್ದು ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಮರವನ್ನು. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕ್ಯಾಸ್ಟರ್) ಮಾದರಿಯ ಗಿಟಾರಿನ ಬಾಡಿಯಲ್ಲಿ ಹಂಬಕರ್ (ಗುಂಯ್‌ಗುಡುವಿಕೆ ತಗ್ಗಿಸುವ ಎರಡು ಸುರುಳಿಯ ಪಿಕಪ್) ಕೂರಿಸಲು ಉಳಿಯಿಂದಲೇ ಗುಂಡಿಯನ್ನು ಅಗಲಿಸಿದರು.

ನಾನು ಮಾಡಹೊರಟದ್ದೂ ಅದೇ: ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಜ್ ಪಕ್ಕದ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿನ ಗುಂಯ್‌ಗುಡುವಿಕೆ ಸಾಕಾಗಿ, ಅಲ್ಲಿ ಹಂಬಕರ್ ಹಾಕುವುದು. ಗುರುತು ಹಾಕಲು ಒಂದು ಸಂಜೆ ಪೂರ್ತಿ ಹೋಯಿತು. ಬಾಡಿಯ ಹಲಗೆಗಳು ಕೂಡುವ ಗೆರೆಯನ್ನು ನಡುಗೆರೆ ಎಂದು ನಂಬಬಾರದು. ಅದು ಎಲ್ಲಿ ಬೇಕಾದರೂ ಇರಬಹುದು. ಎರಡು ಅಂಚಿನ ತಂತಿಗಳ ನಡುವಿನ ಅಂತರವನ್ನು ಅಳೆದು ನಡುವನ್ನು ಹಿಡಿಯಬೇಕು. ಬಣ್ಣದ ಮೇಲೆ ಟೇಪ್ ಅಂಟಿಸಿ, ಗೆರೆಯುದ್ದಕ್ಕೂ ಚೂಪಾದ ಬ್ಲೇಡಿನಿಂದ ಗೀರಿದೆ. ದಪ್ಪ ಪಾಲಿಯೆಸ್ಟರ್ ಲೇಪ ಗಾಜಿನ ಹಾಗೆ ಚಕ್ಕೆ ಏಳುತ್ತದೆ. ಆ ಗೀರು ಚಕ್ಕೆಯನ್ನು ಅಲ್ಲಿಗೇ ತಡೆಯುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದವನು ಮರ ಕೊರೆಯುವ ಯಂತ್ರವಾದ ರೌಟರಿನಲ್ಲಿ ಎಡವಿದೆ. ಒಂದು ಸಲಕ್ಕೆ 3 ಮಿ.ಮೀ. ಆಳ ಸಾಕು ಎಂಬುದು ಗೊತ್ತಿತ್ತು. ಆದರೆ ನನ್ನ ಅಚ್ಚುಹಲಗೆಯ ದಪ್ಪ 6 ಮಿ.ಮೀ., ರೌಟರಿನಲ್ಲಿ ತಿರುಗುತ್ತ ಮರ ಕೊರೆಯುವ ಬಿಟ್‌ನ ಅಲಗಿನ ಉದ್ದ 25 ಮಿ.ಮೀ. ಅಚ್ಚಿನ ಅಂಚಿಗೆ ಒರಗಿ ದಾರಿ ತೋರಬೇಕಾದ, ಅಲಗಿನ ಮೇಲ್ತುದಿಯ ಬೇರಿಂಗ್ ಅಚ್ಚಿನ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು. ಕೆಳಗಿನ ಅಲಗು ಅಚ್ಚನ್ನೇ ಕಚ್ಚಿ, ಜೊತೆಗೆ ಮರದಲ್ಲಿ ಉಗುರಿನಷ್ಟು ಅಗಲದ ಹಳ್ಳವನ್ನೂ ತೋಡಿತು. ಸದ್ದು ಬದಲಾದದ್ದು ಕೇಳಿಸಿತು, ಕೈ ಹಿಂದೆಗೆಯುವಷ್ಟರಲ್ಲಿ ಮುಗಿದಿತ್ತು. ದಪ್ಪ ಅಚ್ಚು ಅಥವಾ ಗಿಡ್ಡ ಬಿಟ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಉಳಿದದ್ದನ್ನು ಉಳಿಯಲ್ಲೇ ಮುಗಿಸಿದೆ. ನಿಧಾನ, ಆದರೆ ಮರದ ಎಳೆ ಯಾವ ಕಡೆ ಹರಿಯುತ್ತದೆ ಎಂಬುದನ್ನು ಉಳಿ ಕೈಗೆ ಹೇಳುತ್ತದೆ. ಹಳ್ಳ ಪಿಕಪ್ಪಿನ ಚೌಕಟ್ಟಿನ ಅಡಿಗೆ ಹೋಯಿತು. ನನ್ನ ಜಾಣತನವಲ್ಲ, ಅದೃಷ್ಟ.

ಮರದಿಂದ ನಾದ ಎಷ್ಟು ಬದಲಾಗುತ್ತದೆ ಎಂದು ಜಗಳವಾಡುವವರು ಆಡಲಿ. ನನಗೆ ಮುಖ್ಯವಾದದ್ದು ಮೂಗಿಗೆ ಮುಖಗವಸು: ನುಣುಪಾದ ಮರದ ಪುಡಿ, ಅದರಲ್ಲೂ ಬೀಟೆಯಂಥ ಮರದ್ದು, ಶ್ವಾಸಕ್ಕೆ ಕೆಟ್ಟದ್ದು.

ಈಗ ಕಣ್ಣು ಬಿದ್ದಿರುವುದು ನೆಕ್ ಕೂರುವ ಹಿಂಭಾಗದ ಮೂಲೆಯ ಮೇಲೆ. ಮೇಲಿನ ಫ್ರೆಟ್‌ಗಳಿಗೆ (ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿಗಳು) ಹೋದಾಗ ಅಂಗೈಗೆ ಅಡ್ಡ ಬರುತ್ತದೆ. ಅಲ್ಲಿ 45 ಮಿ.ಮೀ. ಬಾಡಿಯಲ್ಲಿ 16 ಮಿ.ಮೀ. ನೆಕ್‌ನ ಗುಂಡಿಗೇ ಹೋಗಿ, ಉಳಿಯುವ ಮರ 29 ಮಿ.ಮೀ. ಅದರಲ್ಲಿ ಇನ್ನೂ ಆರು ಮಿ.ಮೀ. ತೆಗೆದು, ಹಿಂದಿನಿಂದ ನೆಕ್ ಹಿಡಿದಿರುವ ಹಳೆಯ ಸ್ಕ್ರೂ ಬಿಗಿದರೆ ಅದರ ಮೊನೆ ಫ್ರೆಟ್‌ಬೋರ್ಡಿಗೇ ನುಗ್ಗುತ್ತದೆ. ಗಿಡ್ಡ ಸ್ಕ್ರೂ ಇನ್ನೂ ಸಿಕ್ಕಿಲ್ಲ. ಅರ ಪೆಟ್ಟಿಗೆಯಲ್ಲೇ ಇದೆ.