ಡಾಬರ್‌ಮನ್ ಗುಂಡಿಗೆಗೆ ಸ್ಟೆಮ್ ಸೆಲ್: ಸಂಶೋಧನೆಗೆ ಹೂಂ, ಮಾರಾಟಕ್ಕೆ ಉಹೂಂ

ನಾಯಿ ಸಾಕುವವರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಅವರ ಡಾಬರ್‌ಮನ್‌ಗೆ ಆರು ವರ್ಷ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯ ದೊಡ್ಡದಾಗಿದೆ ಅಂತ ಬಂದಿದೆ. ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಇಂಜೆಕ್ಷನ್ ಕೊಡಿಸಿ, ಹೃದಯದಲ್ಲಿ ಹೊಸ ಮಾಂಸ ಬೆಳೆಯುತ್ತೆ ಅಂತ ಒಂದು ಕಡೆ ಹೇಳಿದರಂತೆ. ಖರ್ಚು ಲಕ್ಷ ದಾಟುತ್ತದೆ. ‘ಮಾಡಿಸಲಾ?’ ಮುಕ್ಕಾಲು ಜನ ‘ಮಾಡಿಸಿ ಸಾರ್, ದುಡ್ಡು ಇವತ್ತು ಹೋಗುತ್ತೆ, ನಾಳೆ ಬರುತ್ತೆ’ ಅಂದರು.

ನಾನು ಬೇಡ ಅಂದೆ. ಯಾಕೆ ಅಂತ ಅಲ್ಲಿ ಬರೆದರೆ ಯಾರೂ ಓದಲ್ಲ. ಅದಕ್ಕೇ ಇಲ್ಲಿ.

ಮೊದಲು ಕಾಯಿಲೆ. ಡೈಲೇಟೆಡ್ ಕಾರ್ಡಿಯೋಮಯೋಪತಿ, ಚಿಕ್ಕದಾಗಿ ಡಿಸಿಎಂ. ಹೃದಯದ ಸ್ನಾಯು ಬಲ ಕಳೆದುಕೊಳ್ಳುತ್ತದೆ, ಕೋಣೆಗಳು ಹಿಗ್ಗುತ್ತವೆ, ರಕ್ತ ಸರಿಯಾಗಿ ಒತ್ತಿ ಹೊರಗೆ ಕಳಿಸೋಕೆ ಆಗಲ್ಲ. ಡಾಬರ್‌ಮನ್‌ಗಳಲ್ಲಿ ಇದು ಎಷ್ಟು ಜಾಸ್ತಿ ಅಂದರೆ, ಜರ್ಮನಿಯ ಮ್ಯೂನಿಕ್‌ನ ಪಶುವೈದ್ಯರು 412 ಡಾಬರ್‌ಮನ್‌ಗಳನ್ನು ಪರೀಕ್ಷೆ ಮಾಡಿ 2010ರಲ್ಲಿ ಬರೆದ ಲೆಕ್ಕದಲ್ಲಿ ನೂರಕ್ಕೆ 58ಕ್ಕೆ ಇತ್ತು. ವರ್ಷಗಟ್ಟಲೆ ಹೊರಗೆ ಏನೂ ಕಾಣಲ್ಲ. ನಾಯಿ ಓಡುತ್ತೆ, ಗೇಟ್ ಹಾರುತ್ತೆ, ತಟ್ಟೆ ನೆಕ್ಕುತ್ತೆ. ಒಂದು ದಿನ ಅಂಗಳದಲ್ಲಿ ದಿಢೀರಂತ ಬೀಳುತ್ತೆ. ಎಷ್ಟೋ ನಾಯಿಗಳಿಗೆ ಅದೇ ಮೊದಲ ಲಕ್ಷಣ, ಅದೇ ಕೊನೆಯದು.

ಸ್ಟೆಮ್ ಸೆಲ್ ಆಸೆ ಹುಟ್ಟಿದ್ದು ಸುಮ್ನೆ ಅಲ್ಲ. ಚರ್ಮ ಕೊಯ್ದರೆ ಕೂಡುತ್ತೆ, ಮೂಳೆ ಮುರಿದರೆ ಕೂಡುತ್ತೆ. ಹೃದಯದ ಸ್ನಾಯು ಹಾಗಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಇದನ್ನು ಮನುಷ್ಯರಲ್ಲಿ ಅಳೆದ ರೀತಿ ಕೇಳಿದರೆ ಆಶ್ಚರ್ಯ ಆಗುತ್ತೆ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ನಮ್ಮ ಜೀವಕೋಶಗಳ ಡಿಎನ್‌ಎಯಲ್ಲೂ ಕೂತಿದೆ. ಅದನ್ನು ನೋಡಿ ಯಾವ ಕೋಶ ಯಾವ ಕಾಲದಲ್ಲಿ ಹುಟ್ಟಿತು ಅಂತ ಲೆಕ್ಕ ಹಾಕಿದರು. 2009ರಲ್ಲಿ ಸಿಕ್ಕ ಉತ್ತರ: 25ನೇ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದರಷ್ಟು ಹೃದಯ ಸ್ನಾಯುಕೋಶ ಹೊಸದಾಗುತ್ತೆ, 75ಕ್ಕೆ ಬಂದಾಗ ಅರ್ಧದಷ್ಟೂ ಇಲ್ಲ. ಹೋದದ್ದು ಹೋದ ಹಾಗೇ. ಅದಕ್ಕೇ ಹೊರಗಿನಿಂದ ಕೋಶ ಹಾಕಿ ರಿಪೇರಿ ಮಾಡಬಹುದಾ ಅನ್ನುವ ಪ್ರಶ್ನೆ ಎದ್ದಿತು.

ಈ ಆಸೆಗೆ ತುಪ್ಪ ಸುರಿದವರಲ್ಲಿ ದೊಡ್ಡ ಹೆಸರು ಹೃದಯ ಸಂಶೋಧಕ ಪಿಯೆರೊ ಅನ್ವೆರ್ಸಾ. ಅಸ್ಥಿಮಜ್ಜೆಯ ಕೋಶಗಳು ಇಲಿಯ ಹೃದಯ ಸ್ನಾಯುವನ್ನು ಮತ್ತೆ ಕಟ್ಟುತ್ತವೆ ಅಂತ ಅವರ ತಂಡ 2001ರಲ್ಲಿ ಬರೆಯಿತು. 2005ರಲ್ಲಿ ನಾಯಿಯ ಹೃದಯದೊಳಗೇ ಸ್ಟೆಮ್ ಸೆಲ್ ಇದೆ ಅಂತಲೂ ಬರೆಯಿತು. ಬೇರೆಯವರು ಮಾಡಿ ನೋಡಿದರೆ ಹಾಗೆ ಬರಲಿಲ್ಲ. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗ್‌ಹ್ಯಾಮ್ ಆಸ್ಪತ್ರೆ, ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ವಾಪಸ್ ಪಡೆಯಬೇಕು, ಅವುಗಳಲ್ಲಿ ಸುಳ್ಳು ಅಥವಾ ತಿದ್ದಿದ ಮಾಹಿತಿ ಇದೆ ಎಂದು ಹೇಳಿದವು. ಅಷ್ಟರೊಳಗೆ ‘ಹೃದಯ ಮತ್ತೆ ಬೆಳೆಯುತ್ತೆ’ ಅನ್ನೋದು ಊರೆಲ್ಲ ಸುತ್ತಿ ಬಂದಿತ್ತು. ಇವತ್ತಿಗೂ ಕರಪತ್ರಗಳಲ್ಲಿ ಓಡಾಡುತ್ತಿದೆ.

ಎಲ್ಲರೂ ಹಾಗಲ್ಲ. ನನಗೆ ಗೌರವ ಇರುವುದು ಫ್ಲಾರಿಡಾ ವಿಶ್ವವಿದ್ಯಾಲಯದ ಪಶುವೈದ್ಯರ ಮೇಲೆ. ಅವರು ತೆಗೆದುಕೊಂಡದ್ದು ಲ್ಯಾಬ್‌ನಲ್ಲಿ ಕಾಯಿಲೆ ಬರಿಸಿದ ನಾಯಿಗಳನ್ನಲ್ಲ. ಮನೆಗಳಲ್ಲಿ ಬೆಳೆದ, ತಾನಾಗಿ ಡಿಸಿಎಂ ಬಂದ 15 ಡಾಬರ್‌ಮನ್‌ಗಳನ್ನು. ಬೇರೆ ನಾಯಿಯ ಕೊಬ್ಬಿನಿಂದ ತೆಗೆದ ಕೋಶಗಳಿಗೆ, ರಿಪೇರಿಗೆ ಬನ್ನಿ ಅಂತ ಸಂಕೇತ ಕೊಡುವ ಒಂದು ಜೀನ್ ಸೇರಿಸಿದರು. ಹೃದಯದ ಸ್ನಾಯುವಿನಿಂದ ರಕ್ತ ವಾಪಸ್ ಬರುವ ನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಹರಿವಿಗೆ ಎದುರಾಗಿ ಆ ಕೋಶಗಳನ್ನು ಒಳಗೆ ತಳ್ಳಿದರು. 13 ನಾಯಿಗಳಲ್ಲಿ ಸಾಧ್ಯವಾಯಿತು. 2013ರಲ್ಲಿ ಫಲಿತಾಂಶ ಬಂತು. ವಿಧಾನ ಸುರಕ್ಷಿತ. ಆದರೆ ಆಯಸ್ಸು ಹೆಚ್ಚಲಿಲ್ಲ, ಕಾಯಿಲೆಯ ಹಾದಿಯೂ ಬದಲಾಗಲಿಲ್ಲ. ಹಾಗಂತಲೇ ಬರೆದರು. ಇಷ್ಟೆಲ್ಲ ಕಷ್ಟಪಟ್ಟು ‘ಉಪಯೋಗ ಕಾಣಲಿಲ್ಲ’ ಅಂತ ಅಚ್ಚು ಹಾಕಿಸೋಕೆ ಎದೆ ಬೇಕು. ಆಮೇಲೆ ನಾರ್ತ್ ಕ್ಯಾರೊಲಿನಾದಲ್ಲಿ ದಾನಿ ನಾಯಿಯ ಹೃದಯದಿಂದಲೇ ಬೆಳೆಸಿದ ಕೋಶಗಳನ್ನು ಕೆಲವೇ ಡಾಬರ್‌ಮನ್‌ಗಳಿಗೆ ಕೊಟ್ಟು ನೋಡಿದರು. ಅಲ್ಲೂ ಗಟ್ಟಿಯಾಗಿ ಹೇಳಬಹುದಾಗಿದ್ದು ಸುರಕ್ಷಿತ ಅನ್ನೋದಷ್ಟೇ.

ಇನ್ನೊಂದು ಮಜಾ ಕೇಳಿ. ಅಮೆರಿಕದ ಸಿನ್ಸಿನಾಟಿಯ ಜೆಫ್ರಿ ಮೋಲ್ಕೆಂಟಿನ್ ತಂಡ ಇಲಿಗಳ ಗಾಯಗೊಂಡ ಹೃದಯಕ್ಕೆ ಸ್ಟೆಮ್ ಸೆಲ್ ಚುಚ್ಚಿತು. ಸ್ವಲ್ಪ ಸುಧಾರಿಸಿತು. ಸತ್ತ ಕೋಶ ಚುಚ್ಚಿದರು, ಆಗಲೂ ಸುಧಾರಿಸಿತು. ಯೀಸ್ಟ್‌ನಿಂದ ತೆಗೆದ ಝೈಮೊಸಾನ್ ಅನ್ನುವ ಪದಾರ್ಥ ಚುಚ್ಚಿದರು, ಆಗಲೂ ಸುಧಾರಿಸಿತು! ಕೆಲಸ ಮಾಡಿದ್ದು ಹೊಸ ಸ್ನಾಯು ಅಲ್ಲ. ಚುಚ್ಚಿದ ಜಾಗಕ್ಕೆ ಓಡಿ ಬಂದ ದೇಹದ ಕಾವಲು ಕೋಶಗಳು ಗಾಯದ ಕಲೆಯನ್ನು ಗಟ್ಟಿ ಮಾಡಿದವು. ಅಂದಮೇಲೆ ‘ಹೊಸ ಮಾಂಸ ಬೆಳೆಯುತ್ತೆ’ ಅಂತ ದುಡ್ಡು ಕೇಳುವವರು ಯಾವ ಆಧಾರದ ಮೇಲೆ ಕೇಳುತ್ತಾರೆ?

ಹಾಗಾದರೆ ಕೈಕಟ್ಟಿ ಕೂರೋದಾ? ಇಲ್ಲ. ಪಿಮೊಬೆಂಡಾನ್ ಅನ್ನುವ ಮಾತ್ರೆ ಇದೆ. 2012ರಲ್ಲಿ ಬಂದ ಪ್ರೊಟೆಕ್ಟ್ ಅಧ್ಯಯನದಲ್ಲಿ, ಲಕ್ಷಣ ಇನ್ನೂ ಕಾಣದ ಡಿಸಿಎಂ ಡಾಬರ್‌ಮನ್‌ಗಳಿಗೆ ಅರ್ಧಕ್ಕೆ ನಿಜವಾದ ಮಾತ್ರೆ, ಉಳಿದವಕ್ಕೆ ಔಷಧವೇ ಇಲ್ಲದ ಸಪ್ಪೆ ಮಾತ್ರೆ ಕೊಟ್ಟರು. ಹೃದಯ ಸೋಲುವ ಅಥವಾ ದಿಢೀರ್ ಸಾವು ಬರುವ ತನಕದ ಅವಧಿಯ ಮಧ್ಯಾಂಕ ಸಪ್ಪೆ ಮಾತ್ರೆಯವಕ್ಕೆ 441 ದಿನ, ಔಷಧದವಕ್ಕೆ 718 ದಿನ. ಒಂಬತ್ತು ತಿಂಗಳು ಜಾಸ್ತಿ. ಇದು ಪವಾಡ ಅಲ್ಲ, ಆದರೆ ನಿಜ. ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಗೆ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ.

ಆದರೆ ಕಾಯಿಲೆ ಇದೆ ಅಂತ ಮೊದಲೇ ಗೊತ್ತಾದರೆ ತಾನೆ? ಮೂರು ವರ್ಷ ತುಂಬಿದ ಮೇಲೆ ಡಾಬರ್‌ಮನ್‌ಗೆ ಪ್ರತಿ ವರ್ಷ ಎಕೋ ಮತ್ತು 24 ಗಂಟೆ ಹೃದಯದ ಮಿಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಮಾಡಿಸಿ ಅಂತ ಯುರೋಪಿನ ಹೃದಯ ತಜ್ಞರ ಸಲಹೆ. ನಮ್ಮ ನಾಯಿ ಸುಲ್ತಾನನಿಗೆ ಹೋಲ್ಟರ್ ಕಟ್ಟಿಸಿದ್ದೆವು. ಎದೆಯ ಎರಡೂ ಕಡೆ ಕೂದಲು ಬೋಳಿಸಿ, ಅಂಟು ಪಟ್ಟಿ ಹಚ್ಚಿ, ವೈರು ಸಿಕ್ಕಿಸಿ, ಮೇಲೊಂದು ಜಾಕೆಟ್. ಬೆನ್ನ ಮೇಲೆ ಸಣ್ಣ ಡಬ್ಬಿ. ಅವನು ಅವಮಾನ ಆದವನ ಹಾಗೆ ಮಂಚದ ಕೆಳಗೆ ಸೇರಿಕೊಂಡ. ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ಹೊತ್ತಿಗೆ ಹಾಲಿನವನಿಗೆ ಬೊಗಳಿದ ಅಂತ ನನ್ನ ಹೆಂಡತಿ ಚೀಟಿಯಲ್ಲಿ ಬರೆಯುತ್ತಾ ಹೋದಳು. ಮಿಡಿತ ತಪ್ಪಿದ್ದು ಯಾವಾಗ ಅಂತ ಡಾಕ್ಟರ್ ಅದರ ಜೊತೆ ತಾಳೆ ನೋಡುತ್ತಾರೆ. ದಿನಕ್ಕೆ ಇಂಥ ತಪ್ಪು ಮಿಡಿತ 300 ದಾಟಿದರೆ ಡಿಸಿಎಂ ಅಂತಲೇ ಲೆಕ್ಕ. ಮನೆಯಲ್ಲಿ ಬಿಟ್ಟಿಯಾಗಿ ಮಾಡಬಹುದಾದದ್ದೂ ಒಂದಿದೆ. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿಯೋದನ್ನು ಒಂದು ನಿಮಿಷ ಎಣಿಸಿ. ಪದೇ ಪದೇ 30 ದಾಟುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ನಾನು ಸ್ಟೆಮ್ ಸೆಲ್ ಸಂಶೋಧನೆಗೆ ವಿರೋಧಿ ಅಂದುಕೊಳ್ಳಬೇಡಿ. ನಮ್ಮ ಹಾಗೇ ತಾನಾಗಿ ಕಾಯಿಲೆ ಬಂದು, ನಮ್ಮ ಮನೆಯಲ್ಲೇ ಬದುಕುವ ನಾಯಿಯಿಂದ ತಿಳಿಯೋದು ಲ್ಯಾಬ್ ಇಲಿಯಿಂದ ತಿಳಿಯೋದಕ್ಕಿಂತ ಜಾಸ್ತಿ. ನಾಳೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೋ ಇನ್ನೆಲ್ಲೋ ಸರಿಯಾದ ಪ್ರಯೋಗ ಶುರುವಾದರೆ ಸುಲ್ತಾನನನ್ನು ಕರೆದುಕೊಂಡು ಹೋಗುತ್ತೇನೆ. ಆದರೆ ಹೋಲಿಸಿ ನೋಡೋಕೆ ಇಂಜೆಕ್ಷನ್ ಕೊಡದ ಇನ್ನೊಂದು ಗುಂಪು ಇರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಸೋತರೂ ಬರೆಯಬೇಕು. ಪ್ರಯೋಗದ ಇಂಜೆಕ್ಷನ್‌ಗೆ ನನ್ನ ಹತ್ತಿರ ಲಕ್ಷ ಕೇಳಬಾರದು. ದುಡ್ಡು ಕೊಟ್ಟವನಿಗೆ ನಾಯಿ ಚುರುಕಾದ ಹಾಗೇ ಕಾಣುತ್ತೆ, ಅದು ಮನುಷ್ಯ ಸಹಜ.

ಇನ್ನು ಬ್ರೀಡರ್‌ಗಳ ವಿಷಯ. ಇದು ವಂಶದಲ್ಲಿ ಇಳಿದು ಬರುವ ಕಾಯಿಲೆ. ಅಮೆರಿಕದ ಡಾಬರ್‌ಮನ್‌ಗಳಲ್ಲಿ ಎರಡು ಜೀನ್ ಬದಲಾವಣೆಗಳನ್ನು ಗುರುತಿಸಿದ್ದಾರೆ, ಆದರೆ ಆ ಪರೀಕ್ಷೆಯೊಂದನ್ನೇ ನಂಬೋಕಾಗಲ್ಲ. ಮರಿ ತೆಗೆದುಕೊಳ್ಳುವಾಗ ಅಪ್ಪ ಅಮ್ಮನ ಹೋಲ್ಟರ್ ಮತ್ತು ಎಕೋ ರಿಪೋರ್ಟ್ ಕೇಳಿ. ನಾನು ಕೇಳಿದಾಗ ಒಬ್ಬರು ಅಪ್ಪನಾಯಿ ಶೋನಲ್ಲಿ ಗೆದ್ದ ಕಪ್‌ನ ಫೋಟೋ ಕಳಿಸಿದರು. ರಿಪೋರ್ಟ್ ಇದ್ದರೂ ತಾರೀಖು ನೋಡಿ. ಈ ಕಾಯಿಲೆ ಐದಾರು ವರ್ಷಕ್ಕೂ ಕಾಣಿಸಿಕೊಳ್ಳುತ್ತೆ, ಎರಡು ವರ್ಷದ ನಾಯಿಯ ಹಳೇ ರಿಪೋರ್ಟ್‌ನಿಂದ ಏನೂ ಗೊತ್ತಾಗಲ್ಲ. ಅಜ್ಜ ಅಜ್ಜಿ ಎಷ್ಟು ವರ್ಷ ಬದುಕಿದವು, ಹೇಗೆ ಸತ್ತವು ಅಂತಲೂ ಕೇಳಿಬಿಡಿ.