ಎರಡೂ ಎಡದ್ದೇ

ಕಾರುಗಳ ಊರು ಡೆಟ್ರಾಯಿಟ್ ಪಕ್ಕದಲ್ಲಿ ಇಪ್ಪತ್ತು ವರ್ಷ ಬಾಳಿಯೂ ಹಳೇ ಗಾಡಿಯ ಹುಚ್ಚು ಹಿಡಿಸಿಕೊಳ್ಳದವನು ಸಂತನೇ ಇರಬೇಕು. ನಾನು ಸಂತನಲ್ಲ. ಹಾಗಾಗಿ ನಮ್ಮ ಗ್ಯಾರೇಜಿನಲ್ಲಿ 1956ರ ಫೋರ್ಡ್ ಎಫ್-100 ಪಿಕಪ್ ನಿಂತಿದೆ. ನನಗಿಂತ ಹದಿನೆಂಟು ವರ್ಷ ಹಿರಿಯ. ಇದರ ಮುಂದಿನ ಗಾಜು ಎರಡೂ ಪಕ್ಕಕ್ಕೆ ಬಾಗಿ ಸುತ್ತಿಕೊಂಡಿದೆ. 1953ರಲ್ಲಿ ಬಂದ ಆ ಮಾದರಿಗೆ ಇಂಥ ಗಾಜು ಸಿಕ್ಕಿದ್ದು 1956 ಒಂದೇ ವರ್ಷ. ಮಾರಿದವನು ಗಾಜನ್ನೇ ತೋರಿಸುತ್ತಿದ್ದ, ನಾನು ಗಾಜನ್ನೇ ನೋಡುತ್ತ ದುಡ್ಡು ಎಣಿಸಿದೆ. ಬಗ್ಗಿ ಕೆಳಗೆ ನೋಡಲಿಲ್ಲ.

ನೋಡಿದ್ದರೆ ಛಾಸಿ, ಅಂದರೆ ಗಾಡಿಯ ಉಕ್ಕಿನ ಅಡಿಚೌಕಟ್ಟು, ಮುಂದಿನ ಅರ್ಧ ಫೋರ್ಡಿನದೇ ಅಲ್ಲ ಎಂದು ತಿಳಿಯುತ್ತಿತ್ತು. ಈ ಗಾಡಿಗೆ ಕಾರ್ಖಾನೆಯಿಂದ ಬಂದದ್ದು ಎತ್ತಿನಗಾಡಿಯ ಹಾಗೆ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಅಚ್ಚು, ಅದರ ಮೇಲೆ ಪಟ್ಟೆ ಸ್ಪ್ರಿಂಗು. ಆ ಕುಲುಕಾಟ ತಾಳಲಾರದೆ ಯಾವನೋ ಹಳೇ ಮಾಲೀಕ ಕ್ಯಾಬಿನ್ನಿನ ಮುಂದೆ ಛಾಸಿ ಕತ್ತರಿಸಿ, ಎಪ್ಪತ್ತರ ದಶಕದ ಷೆವರ್ಲೆ ಕಮಾರೊ ಕಾರಿನ ಮುಂಭಾಗ ತಂದು ಬೆಸೆದಿದ್ದ. ಈ ದೇಶದಲ್ಲಿ ಬಹಳ ಜನ ಮಾಡಿರುವ ಕೆಲಸವೇ. ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್, ಡಿಸ್ಕ್ ಬ್ರೇಕು, ಪವರ್ ಸ್ಟಿಯರಿಂಗು ಎಲ್ಲಾ ಒಂದೇ ಏಟಿಗೆ ಬರುತ್ತವೆ. ಆದರೆ ಫೋರ್ಡ್ ಮೈಗೆ ಅದರ ಬದ್ಧ ಪ್ರತಿಸ್ಪರ್ಧಿ ಷೆವರ್ಲೆಯ ಕಾಲು ಅಂದರೆ ಈ ಊರಿನಲ್ಲಿ ಮನೆಬಿಟ್ಟು ಓಡಿಹೋಗಿ ಮಾಡಿಕೊಂಡ ಮದುವೆ ಇದ್ದಂತೆ. ಪಕ್ಕದ ಮನೆಯ ಮುದುಕರು ಒಮ್ಮೆ ಬಗ್ಗಿ ನೋಡಿ, ಏನೂ ಹೇಳದೆ ಎದ್ದು ಹೋದರು.

ಬಂಪರ್ ಮಾತ್ರ ಹಿಂದಿನ ತೊಟ್ಟಿಯಲ್ಲಿ ಬಿದ್ದಿತ್ತು. "ನಾಲ್ಕು ಬೋಲ್ಟ್ ಹಾಕಿದರೆ ಆಯ್ತು" ಅಂದಿದ್ದ ಮಾರಿದವನು. ಎಲ್ಲಿಗೆ ಹಾಕುವುದು? ಬಂಪರಿನ ಬ್ರಾಕೆಟ್ ಕೂರಬೇಕಾಗಿದ್ದ ಛಾಸಿಯ ತುದಿಗಳು ಯಾವ ಗುಜರಿಯಲ್ಲಿ ಕರಗಿಹೋದವೋ. ಕಮಾರೊದ ಛಾಸಿಯ ಕಂಬಿಗಳು ಬೇರೆ ಅಗಲ, ಬೇರೆ ಎತ್ತರ. ಸಾಲದ್ದಕ್ಕೆ ಎಡಗಡೆಯದು ಬಲಗಡೆಗಿಂತ ಅರ್ಧ ಇಂಚು ಮುಂದೆ. ಬೆಸೆದವನು ಅಂದು ಯಾವ ಗುಂಗಿನಲ್ಲಿದ್ದನೋ.

ಆಗ ಮಾವ ತಿಪಟೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಐಟಿಐಯಲ್ಲಿ ಮೂವತ್ತು ವರ್ಷ ಫಿಟ್ಟರ್ ಪಾಠ ಹೇಳಿದವರು. ತಿರುಗಿಸಿದ ಬಕೆಟ್ಟಿನ ಮೇಲೆ ಕೂತು, ಮಂಕಿಕ್ಯಾಪ್ ಹಾಕಿಕೊಂಡು, ಕೇಳದೆ ಬಾಯಿ ಬಿಡುತ್ತಿರಲಿಲ್ಲ. ಅಳಿಯನಿಗೆ ಬುದ್ಧಿ ಹೇಳಬಾರದು ಎಂಬ ಮರ್ಯಾದೆ. ನಾನೂ ಕೇಳಲಿಲ್ಲ. ಅದು ನನ್ನ ಮರ್ಯಾದೆ.

ಇಲ್ಲಿನವರು ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ನೋಡುತ್ತಾರೆ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಕ್ಯಾಡ್ ಇದೆಯಲ್ಲ, ಅದರ ಅಣಕವಾಗಿ ಇದನ್ನೂ ತಮಾಷೆಗೆ ಕ್ಯಾಡ್, ಅಂದರೆ ಕಾರ್ಡ್‌ಬೋರ್ಡ್ ಏಡೆಡ್ ಡಿಸೈನ್ ಅನ್ನುತ್ತಾರೆ. ನಾನು ಮಾವಿನಹಣ್ಣಿನ ಡಬ್ಬ ಕತ್ತರಿಸಿದೆ. ಅದೇ ಆಕಾರಕ್ಕೆ ಕಾಲು ಇಂಚಿನ ಉಕ್ಕಿನ ಪ್ಲೇಟು ಕೊಯ್ದು, ಬಂಪರ್ ಕೂರುವ ಅಡ್ಡಪಟ್ಟಿ ಬೆಸೆದು, ಮೂರು ಶನಿವಾರ ಕಳೆದು ಎರಡು ಬ್ರಾಕೆಟ್ ತಯಾರಿಸಿದೆ. ಹೆಮ್ಮೆಯಿಂದ ಮಾವನ ಕೈಗಿತ್ತೆ. ಒಂದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಡಗಡೇದು ಚೆನ್ನಾಗಿ ಬಂದಿದೆ ಅಳಿಯಂದಿರೇ."

ಇನ್ನೊಂದನ್ನು ಎತ್ತಿಕೊಂಡರು.

"ಇದೂ ಎಡಗಡೇದೇ. ಇದು ಇನ್ನೂ ಚೆನ್ನಾಗಿದೆ."

ಪ್ಲೇಟಿನ ಆಕಾರ ಎರಡಕ್ಕೂ ಒಂದೇ. ಪಟ್ಟಿ ಮಾತ್ರ ಒಂದಕ್ಕೆ ಈ ಮಗ್ಗುಲಿಗೆ, ಇನ್ನೊಂದಕ್ಕೆ ಆ ಮಗ್ಗುಲಿಗೆ ಬರಬೇಕಿತ್ತು. ಉತ್ಸಾಹದಲ್ಲಿ ಎರಡಕ್ಕೂ ಒಂದೇ ಕಡೆ ಬೆಸೆದಿದ್ದೆ. ದೇವಸ್ಥಾನದಿಂದ ಹೊರಬಂದು ನೋಡಿದಾಗ ಎಡಗಾಲಿನ ಚಪ್ಪಲಿ ಎರಡು ಉಳಿದಂತೆ.

ಮರ್ಯಾದೆ ಅಲ್ಲಿಗೆ ಮುಗಿಯಿತು, ಕೇಳಿದೆ. ಮಾವ ತೂಗುಗುಂಡು ತರಿಸಿದರು. ಛಾಸಿಯಿಂದ ಗುಂಡು ಇಳಿಬಿಟ್ಟು, ನೆಲದ ಮೇಲೆ ಗುರುತು ಹಾಕಿ, ಸುಣ್ಣದ ದಾರ ಹೊಡೆದು ಗಾಡಿಯ ನಡುಗೆರೆ ಎಳೆದರು. ಅರ್ಧ ಇಂಚಿನ ಸೊಟ್ಟ ನೆಲದ ಮೇಲೆ ಬರೆದಿಟ್ಟ ಹಾಗೆ ಕಂಡಿತು. ಆ ಲೆಕ್ಕದಲ್ಲಿ ಬಲಗಡೆಯದನ್ನು ಹೊಸದಾಗಿ, ಅರ್ಧ ಇಂಚು ಉದ್ದವಾಗಿ ಮಾಡಿದೆವು. ಪೂರ್ತಿ ಬೆಸೆಯಲಿಲ್ಲ, ಮೊದಲು ಚುಕ್ಕೆ ಚುಕ್ಕೆ. ಬೆಸುಗೆ ಆರುವಾಗ ಉಕ್ಕನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಮೂಲೆಮಟ್ಟ ಇಟ್ಟು ಕೂರಿಸಿದ್ದೂ ಒಂದು ಡಿಗ್ರಿ ವಾಲುತ್ತದೆ.

ಬಂಪರ್ ಎತ್ತಿಟ್ಟೆವು. ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ನಟ್ಟನಡುವೆ ನಿಂತಿತು. ಬೋಲ್ಟ್ ಬಿಗಿದು, ಪೂಜೆ ಮಾಡಿ, ಕಾಯಿ ಒಡೆದು, ಪೆಟ್ರೋಲ್ ಬಂಕಿಗೆ ಹೊರಟೆ. ಅಲ್ಲಿ ಗಾಳಿ ನೋಡಿದರೆ ಮುಂದಿನ ಎಡ ಟೈರಿನಲ್ಲಿ ಬರೀ 12 ಪೌಂಡು. 32ಕ್ಕೆ ತುಂಬಿಸಿದೆ. ಎದುರಿಗೆ ಬಂದು ನೋಡುತ್ತೇನೆ, ಬಂಪರಿನ ಎಡ ತುದಿ ಹುಬ್ಬೇರಿಸಿಕೊಂಡು ನನ್ನನ್ನೇ ನೋಡುತ್ತಿದೆ. ನಾವು ಅಷ್ಟು ಶ್ರದ್ಧೆಯಿಂದ ಮಟ್ಟ ನೋಡಿದ್ದು ವಾಲಿದ ಗಾಡಿಗೆ. ಗಾಳಿ ಮತ್ತೆ ಬಿಟ್ಟುಬಿಡಲೇ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ.

ಮಾವ ಬೈಯಲಿಲ್ಲ, ನಗಲೂ ಇಲ್ಲ. "ಮಟ್ಟ ಗ್ರಿಲ್ಲಿಗೆ ನೋಡ್ಬೇಕಿತ್ತು, ಭೂಮಿಗಲ್ಲ. ನಾನೂ ಮರೆತೆ" ಅಂದರು. ಗ್ರೈಂಡರ್ ಕೊಡಲು ಹೋದರೆ ಬೇಡವೆಂದು, ಉರುಟು ಅರ ಹಿಡಿದು ಎರಡು ಸಂಜೆ ಬೋಲ್ಟಿನ ತೂತುಗಳನ್ನು ಕೆಳಮುಖವಾಗಿ ಉಜ್ಜಿದರು. ಇಂಥ ಸದ್ದು ಅಮೆರಿಕಕ್ಕೆ ಬಂದ ಮೇಲೆ ನಾನು ಕೇಳಿಯೇ ಇರಲಿಲ್ಲ. ಪಕ್ಕದ ಮನೆಯ ಮುದುಕರು ಬೇಲಿ ದಾಟಿ ಬಂದು ಇನ್ನೊಂದು ಬಕೆಟ್ ತಿರುಗಿಸಿಕೊಂಡು ಕೂತರು. ಇವರಿಗೆ ಅವರ ಇಂಗ್ಲಿಷ್ ಅರ್ಥವಾಗದು, ಅವರಿಗೆ ಇವರದು. ಎರಡು ಗಂಟೆ ಮಾತಾಡಿದರು.

ಮಾವ ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಒಂದು ಪೆಟ್ಟಿಗೆ 23 ಕಿಲೋ ದಾಟಿ ಎರಡು ಕಿಲೋ ಹೆಚ್ಚು ತೂಗಿತು. ಅತ್ತೆ ಎಲ್ಲರೆದುರು ಬೀಗ ತೆಗೆದರು. ಮೊಮ್ಮಗನ ಸ್ವೆಟರಿನಲ್ಲಿ ಸುತ್ತಿಟ್ಟಿದ್ದ ಎರಡನೆಯ ಎಡಗಡೆ ಬ್ರಾಕೆಟ್ ಸಿಕ್ಕಿತು.

"ಇದ್ಯಾಕ್ರೀ?"

"ಇರ್ಲಿ ಕಣೇ. ನಮ್ಮ ಗೇಟಿಗೆ ಎಡಗಡೆ ಹಿಂಜು ಮುರಿದಿದೆಯಲ್ಲ" ಅಂದರು ಮಾವ.

ಅತ್ತೆ ಬಾದಾಮಿಯ ಎರಡು ಪೊಟ್ಟಣ ತೆಗೆದು ನನ್ನ ಕೈಗಿಟ್ಟು, ಬ್ರಾಕೆಟ್ಟನ್ನು ವಾಪಸ್ ಸ್ವೆಟರಿನಲ್ಲಿ ಸುತ್ತಿದರು.